ಮಗಳ ಬೆಳ್ಳಿ ಲೋಟ

ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಅಮ್ಮ ಒಂದು ಬೆಳ್ಳಿ ಲೋಟ ಕೊಟ್ಟಿದ್ದರು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಅಂಚಿನಲ್ಲಿ ತೆಳ್ಳಗೆ ಬಳ್ಳಿಯ ಕೆತ್ತನೆ. "ದನದ ಹಾಲು ಶುರು ಮಾಡುವಾಗ ಇದರಲ್ಲೇ ಕೊಡು" ಅಂದಿದ್ದರು. ಲೋಟ ಈಗಲೂ ನಮ್ಮ ಅಡುಗೆಮನೆಯ ಕಪಾಟಿನಲ್ಲಿದೆ. ಮಗಳಿಗೆ ಮೂರು ವರ್ಷ ತುಂಬಿ ಕೆಲವು ತಿಂಗಳಾಯಿತು. ಆ ಲೋಟದಲ್ಲಿ ಅವಳು ದನದ ಹಾಲು ಕುಡಿದದ್ದು ಒಂದೇ ದಿನ. ಅದೂ ಮೂರು ಗುಟುಕು.

ಮೊನ್ನೆ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. "ಮಗನಿಗೆ ಮುಂದಿನ ವಾರ ಒಂದು ವರ್ಷ ಆಗ್ತದೆ. ಹಾಲು ಶುರು ಮಾಡುವಾಗ ಎಂತ ಎಲ್ಲ ನೋಡ್ಬೇಕು, ಹೇಳು" ಅಂದಳು. ಅರ್ಧ ಗಂಟೆ ಮಾತಾಡಿದೆವು. ಫೋನ್ ಇಟ್ಟ ಮೇಲೆ ಹೇಳದೆ ಬಿಟ್ಟದ್ದೇ ಜಾಸ್ತಿ ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಉಡುಪಿಯಲ್ಲಿದ್ದುಕೊಂಡು ಮಗುವಿಗೆ ಹಾಲು ಕೊಡುವುದಿಲ್ಲ ಅನ್ನುವುದು ಸುಲಭದ ಮಾತಲ್ಲ. ನಮ್ಮ ಕೃಷ್ಣನ ಕೈಯಲ್ಲಿ ಕೊಳಲು ಇಲ್ಲ. ಒಂದು ಕೈಯಲ್ಲಿ ಕಡೆಗೋಲು, ಇನ್ನೊಂದರಲ್ಲಿ ಹಗ್ಗ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠೆ ಮಾಡಿದ ಆ ಮೂರ್ತಿ ಬೆಣ್ಣೆ ಕಡೆಯಲು ಹೊರಟ ಮಗುವಿನದ್ದು. ಅಷ್ಟಮಿಯ ಮರುದಿನ ವಿಟ್ಲಪಿಂಡಿಗೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ರಥಬೀದಿಗೆ ಹೋಗುತ್ತೇವೆ, ಮೊಸರು ಕುಡಿಕೆ ಒಡೆಯುವುದನ್ನು ತೋರಿಸುತ್ತೇವೆ. ಹಳ್ಳಿಗಳಲ್ಲಿ ಬೆಳಿಗ್ಗೆ ಸೊಸೈಟಿಗೆ ಹಾಲು ಹಾಕಿ ಬಂದೇ ಎಷ್ಟೋ ಮನೆಗಳ ದಿನ ಶುರುವಾಗುವುದು. ಉಡುಪಿ 1997ರಲ್ಲಿ ಬೇರೆ ಜಿಲ್ಲೆ ಆಯಿತು. ಆದರೂ ಉಡುಪಿಗೂ ದಕ್ಷಿಣ ಕನ್ನಡಕ್ಕೂ ಹಾಲಿನ ಒಕ್ಕೂಟ ಇವತ್ತಿಗೂ ಒಂದೇ. ಇಂಥ ಕಡೆ "ಮಗುವಿಗೆ ಹಾಲು ಆಗುವುದಿಲ್ಲ" ಅಂದರೆ ಎದುರಿನವರ ಮುಖ ಒಂದು ಕ್ಷಣ ಸಣ್ಣದಾಗುತ್ತದೆ. ಅವರ ಪ್ರೀತಿಯನ್ನೇ ಬೇಡ ಅಂದ ಹಾಗೆ.

ಮೊದಲು ಒಂದು ವರ್ಷದ ಲೆಕ್ಕ ಹೇಳಿಬಿಡುತ್ತೇನೆ. ಆರು ತಿಂಗಳ ತನಕ ಎದೆಹಾಲು ಮಾತ್ರ. ಆಮೇಲೆ ಗಂಜಿ, ಮಣ್ಣಿ, ಬೇಯಿಸಿದ ತರಕಾರಿ, ಬೇಳೆ ಎಲ್ಲ ಒಂದೊಂದಾಗಿ ಶುರು. ಜೊತೆಗೆ ಎದೆಹಾಲು ಎರಡು ವರ್ಷದ ತನಕ, ಬೇಕಾದರೆ ಆಮೇಲೂ. ಅಡುಗೆಯಲ್ಲಿ ಸ್ವಲ್ಪ ಮೊಸರು, ತುಪ್ಪ ಬಂದರೆ ಅಡ್ಡಿಯಿಲ್ಲ. ಆದರೆ ಕುಡಿಯುವ ಹಾಲಾಗಿ, ಎದೆಹಾಲಿನ ಬದಲಿಗೆ ದನದ ಹಾಲು ಕೊಡುವುದಕ್ಕೆ ಒಂದು ವರ್ಷ ಆಗಲಿ ಅಂತ ಹೆಚ್ಚಿನ ಮಕ್ಕಳ ಡಾಕ್ಟರು ಹೇಳುತ್ತಾರೆ. ಕಾರಣ ಇದೆ. ದನದ ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಪ್ರೊಟೀನು ಮತ್ತು ಲವಣ ಎಳೆಯ ಮೂತ್ರಪಿಂಡಕ್ಕೆ ಭಾರವಾಗುವಷ್ಟು ಜಾಸ್ತಿ. ಕೆಲವು ಎಳೆ ಮಕ್ಕಳ ಕರುಳಿನಲ್ಲಿ ಈ ಹಾಲಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗುವುದೂ ಉಂಟು. ವರ್ಷ ತುಂಬಿದ ಮೇಲೆ ಮಗು ಎಲ್ಲವನ್ನೂ ತಿನ್ನತೊಡಗುತ್ತದೆ, ಕರುಳೂ ಗಟ್ಟಿಯಾಗುತ್ತದೆ. ಆಗ ಹಾಲು ಊಟದ ಜೊತೆಗೆ ಒಂದು ಐಟಂ ಅಷ್ಟೆ.

ನಾನು ಇದನ್ನೆಲ್ಲ ಓದಿಕೊಂಡಿದ್ದೆ. ಆದರೆ ಶೀತ ಆಗ್ತದೆ ಅಂತ ಮೊಸರು ಮಾತ್ರ ಒಂದು ದಿನವೂ ಕೊಟ್ಟಿರಲಿಲ್ಲ. ಅನ್ನಕ್ಕೆ ಒಂದು ತೊಟ್ಟು ತುಪ್ಪ ಹಾಕುತ್ತಿದ್ದೆ. ತುಪ್ಪದನ್ನ ತಿಂದ ದಿನ ಅವಳ ಬಾಯಿಯ ಸುತ್ತ ನಾಲ್ಕಾರು ಕೆಂಪು ಚುಕ್ಕೆ ಏಳುತ್ತಿದ್ದವು. ಅರ್ಧ ಗಂಟೆಯಲ್ಲಿ ಮಾಯ. "ಜೊಲ್ಲು ಸೋರಿ ಹಾಗಾಗಿದೆ" ಅಂದರು ಅತ್ತೆ. "ಉಷ್ಣ ಇರಬೇಕು" ಅಂದರು ಅಮ್ಮ. ನಾನೂ ಹೌದೆಂದುಕೊಂಡೆ. ತುಪ್ಪದಲ್ಲಿ ಬರಿಯ ಕೊಬ್ಬು ಮಾತ್ರ ಇರುವುದಲ್ಲ, ಹಾಲಿನ ಪ್ರೊಟೀನಿನ ಸ್ವಲ್ಪ ಅಂಶವೂ ಉಳಿದಿರುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಜೂನ್ ತಿಂಗಳು. ಅವಳಿಗೆ ಹದಿಮೂರು ತಿಂಗಳು. ತವರಿಗೆ ಹೋಗಿದ್ದೆವು. ಉಡುಪಿಯಿಂದ ಉತ್ತರಕ್ಕೆ, ಸ್ವರ್ಣಾ ನದಿ ದಾಟಿ ಹೋಗಬೇಕು. ರಾತ್ರಿಯಿಡೀ ಮಳೆ ಹೊಯ್ದಿತ್ತು. ಬೆಳಿಗ್ಗೆ ಹಟ್ಟಿಯಿಂದ ತಂದ ಹಾಲನ್ನು ಅಮ್ಮ ಚೆನ್ನಾಗಿ ಕುದಿಸಿ, ಎರಡು ಲೋಟದಲ್ಲಿ ಹೊಯ್ದು ಆರಿಸಿ, ಬೆಳ್ಳಿ ಲೋಟಕ್ಕೆ ಕಾಲು ಭಾಗ ಹಾಕಿದರು. ಮಗಳು ಮೂರು ಗುಟುಕು ಕುಡಿದಳು. ನಾಲ್ಕನೆಯದಕ್ಕೆ ತುಟಿ ಬಿಗಿಹಿಡಿದು ಮುಖ ತಿರುಗಿಸಿದಳು. ಗಲ್ಲದ ಮೇಲೆ ಒಂದು ಹನಿ ಇಳಿದಿತ್ತು. ಸೆರಗಿನಿಂದ ಒರೆಸಿದೆ.

ಒರೆಸಿದ ಜಾಗವೇ ಮೊದಲು ಕೆಂಪಾದದ್ದು. ಹನಿ ಇಳಿದ ದಾರಿಯಲ್ಲಿ ಬೆರಳಿನಷ್ಟು ಉದ್ದದ ಗೆರೆ. ಆಮೇಲೆ ಅವಳು ಕಣ್ಣು ಉಜ್ಜತೊಡಗಿದಳು. ನಿದ್ದೆ ಬಂತೇನೋ ಅಂದುಕೊಂಡೆ. ಹತ್ತು ನಿಮಿಷದಲ್ಲಿ ಕೆನ್ನೆಯ ಮೇಲೆ ಸೊಳ್ಳೆ ಕಚ್ಚಿದಂಥ ದದ್ದುಗಳು. ಅಂಗಿ ಎತ್ತಿ ನೋಡಿದರೆ ಹೊಟ್ಟೆಯ ಮೇಲೂ. ನೋಡನೋಡುತ್ತಿದ್ದಂತೆ ಒಂದಕ್ಕೊಂದು ಕೂಡಿಕೊಂಡು ಅಂಗೈಯಗಲ ಆದವು. ನಡುವೆ ಬಿಳಿಚಿದ ಉಬ್ಬು, ಸುತ್ತ ಕೆಂಪು. ಮೇಲಿನ ತುಟಿ ಊದಿಕೊಂಡು ಮುಖವೇ ಬೇರೆ ಥರ ಕಂಡಿತು. ಎರಡು ಸಲ ವಾಂತಿ ಮಾಡಿದಳು.

"ಪಿತ್ತದ ಗಂಧೆ ಮಾರಾಯ್ತಿ, ಹೆದರ್ಬೇಡ" ಅಂತ ಅಮ್ಮ ಪುನರ್ಪುಳಿ ಸಿಪ್ಪೆ ನೆನೆಹಾಕಿದ ನೀರು ತಂದು ಮೈಗೆ ಹಚ್ಚಿದರು. ಅವರ ಕೈ ನಡುಗುತ್ತಿತ್ತು. ಅಲ್ಲೇ ಹತ್ತಿರದ ಒಂದು ಕ್ಲಿನಿಕ್ಕಿಗೆ ಓಡಿದೆವು. ಅಲರ್ಜಿಯ ಸಿರಪ್ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ದದ್ದು ಇಳಿಯಿತು. ಹೊರಡುವಾಗ ಅವರು ಹೇಳಿದ ಮಾತು: "ಗಟ್ಟಿ ಹಾಲು ಜೀರ್ಣ ಆಗಿಲ್ಲ. ಮುಂದಿನ ಸಲ ಅರ್ಧ ನೀರು ಹಾಕಿ ಕೊಡಿ."

ಆ ಮಾತು ಕೇಳಿ ನನಗೆ ಸಮಾಧಾನ ಆಗಿತ್ತು. ಇದನ್ನು ಬರೆಯುವಾಗ ಈಗಲೂ ಎದೆ ಹಿಂಡುತ್ತದೆ. ಸಮಾಧಾನ ಕೊಡುವ ಮಾತನ್ನು ಬೇಗ ನಂಬುತ್ತೇವೆ, ಅಲ್ವಾ? ಎಂಟು ದಿನ ಬಿಟ್ಟು, ಉಡುಪಿಯ ನಮ್ಮ ಮನೆಯಲ್ಲಿ, ಅರ್ಧ ನೀರು ಬೆರೆಸಿ ಚಮಚದಲ್ಲಿ ಎರಡು ಸಲ ಬಾಯಿಗೆ ಹಾಕಿದೆ. ಈ ಸಲ ದದ್ದು ಏಳುವ ಮೊದಲೇ ಕೆಮ್ಮು ಶುರುವಾಯಿತು. ಬಿಡದೆ ಕೆಮ್ಮು. ಅಳುವಿನ ಸ್ವರ ಒಡೆದು ಗೊಗ್ಗರಾಯಿತು. ಆಮೇಲೆ ಅಳುವುದನ್ನೂ ನಿಲ್ಲಿಸಿ ನನ್ನ ಹೆಗಲ ಮೇಲೆ ಮೆತ್ತಗೆ ಬಿದ್ದುಕೊಂಡಳು. ಗಂಡ ಕಾರು ತೆಗೆದರು. ಮಣಿಪಾಲದ ಏರು ಅಷ್ಟು ಉದ್ದ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಎಮರ್ಜೆನ್ಸಿಯಲ್ಲಿ ಹೆಚ್ಚು ಕೇಳಲಿಲ್ಲ. "ಏನು ಕೊಟ್ರಿ? ಎಷ್ಟು ಹೊತ್ತಾಯ್ತು?" ಅಷ್ಟೇ. ಮಲಗಿಸಿ ತೊಡೆಯ ಹೊರಬದಿಗೆ ಅಡ್ರಿನಾಲಿನ್ ಇಂಜೆಕ್ಷನ್ ಕೊಟ್ಟರು. ಕೆಲವೇ ನಿಮಿಷದಲ್ಲಿ ಅವಳು ಜೋರಾಗಿ ಅತ್ತಳು. ಆ ಅಳು ಕೇಳಿ ನಾನೂ ಅತ್ತೆ. ಸಂಜೆ ತನಕ ಅಲ್ಲೇ ಇಟ್ಟುಕೊಂಡರು. ಒಮ್ಮೆ ಇಳಿದ ಅಲರ್ಜಿ ಕೆಲವು ಗಂಟೆ ಬಿಟ್ಟು ಮತ್ತೆ ಏಳುವುದೂ ಉಂಟಂತೆ, ಅದಕ್ಕೆ.

ಅಲ್ಲಿಯ ಮಕ್ಕಳ ಡಾಕ್ಟರು ಆಮೇಲೆ ಕೂರಿಸಿ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ.

ಹಾಲು ಜೀರ್ಣ ಆಗದಿರುವುದು ಬೇರೆ, ಹಾಲಿನ ಅಲರ್ಜಿ ಬೇರೆ. ಜೀರ್ಣದ ತೊಂದರೆ ಹಾಲಿನ ಸಕ್ಕರೆಯಿಂದ, ಅಂದರೆ ಲ್ಯಾಕ್ಟೋಸ್‌ನಿಂದ. ಅದನ್ನು ಒಡೆಯುವ ಕಿಣ್ವ ಕರುಳಿನಲ್ಲಿ ಸಾಲದಾದಾಗ ಹೊಟ್ಟೆ ಉಬ್ಬರ, ಗ್ಯಾಸು, ನೀರು ನೀರಾದ ಭೇದಿ. ಕಷ್ಟ ನಿಜ, ಆದರೆ ಮೈಮೇಲೆ ದದ್ದು ಏಳುವುದಿಲ್ಲ, ಉಸಿರು ಕಟ್ಟುವುದಿಲ್ಲ. ಒಂದೆರಡು ವರ್ಷದ ಮಕ್ಕಳಲ್ಲಿ ಇದು ಬಂದರೆ ಹೆಚ್ಚಾಗಿ ಜೋರು ವಾಂತಿಭೇದಿ ಆಗಿ ಹೋದ ಮೇಲೆ, ತಾತ್ಕಾಲಿಕವಾಗಿ. ಕರುಳು ಸುಧಾರಿಸಿದ ಹಾಗೆ ಅದೂ ಸರಿಹೋಗುತ್ತದೆ. ಇಂಥ ಮಕ್ಕಳಿಗೆ ಹಾಲಿಗಿಂತ ಮೊಸರು ಹಗುರ, ಹೆಪ್ಪಾಗುವಾಗ ಲ್ಯಾಕ್ಟೋಸ್ ಸ್ವಲ್ಪ ಕಡಿಮೆ ಆಗಿರುತ್ತದೆ.

ಅಲರ್ಜಿ ಹಾಗಲ್ಲ. ಹಾಲಿನ ಪ್ರೊಟೀನನ್ನು ಮೈ ಶತ್ರು ಅಂದುಕೊಂಡು ಕಾದಾಟಕ್ಕೆ ಇಳಿಯುವುದು. ಅಲ್ಲಿ ಮೊಸರೂ ಬೇಡ, ಮಜ್ಜಿಗೆಯೂ ಬೇಡ, ತುಪ್ಪವೂ ಬೇಡ. ನೀರು ಬೆರೆಸಿದರೆ, ಶುಂಠಿ ಹಾಕಿದರೆ, ಇನ್ನೊಂದು ಸಲ ಕುದಿಸಿದರೆ ಹೋಗುವಂಥದ್ದಲ್ಲ. ಮುಖ್ಯ ಪ್ರೊಟೀನಾದ ಕೇಸೀನ್ ಕುದಿಗೆ ಬಗ್ಗುವುದೇ ಇಲ್ಲ. ಎರಡು ಚಮಚ ನೀರು ಹಾಲೂ ಸಾಕಾಗುತ್ತದೆ. ನಾನೇ ನೋಡಿದೆನಲ್ಲ.

ಅಲರ್ಜಿಯಲ್ಲೂ ಎರಡು ಥರ. ನನ್ನ ಮಗಳದ್ದು ಕೂಡಲೇ ಬರುವ ಥರ. ಕೆಲವು ನಿಮಿಷದಿಂದ ಹೆಚ್ಚೆಂದರೆ ಎರಡು ಗಂಟೆಯೊಳಗೆ ದದ್ದು, ತುಟಿ ಕಣ್ಣು ಊತ, ವಾಂತಿ, ಕೆಮ್ಮು, ಸುಂಯ್‌ಗುಡುವ ಉಸಿರು. ಇನ್ನೊಂದು ತಡವಾಗಿ ಬರುವುದು. ಹಾಲು ಕುಡಿದು ಕೆಲವು ಗಂಟೆ, ಒಮ್ಮೊಮ್ಮೆ ಎರಡು ಮೂರು ದಿನ ಕಳೆದ ಮೇಲೆ. ಮಲದಲ್ಲಿ ಲೋಳೆ, ರಕ್ತದ ಗೆರೆ, ಬಿಡದ ಭೇದಿ ಅಥವಾ ಮಲಬದ್ಧತೆ, ಎಷ್ಟು ಹಚ್ಚಿದರೂ ಗುಣವಾಗದ ಕಜ್ಜಿ, ತೂಕ ಏರದಿರುವುದು. ಇದನ್ನು ಹಿಡಿಯುವುದು ಕಷ್ಟ. ಸೋಮವಾರ ಕುಡಿದ ಹಾಲಿಗೂ ಬುಧವಾರದ ಕಜ್ಜಿಗೂ ಯಾರು ನಂಟು ಕಟ್ಟುತ್ತಾರೆ? ರಕ್ತಪರೀಕ್ಷೆ, ಚರ್ಮದ ಪರೀಕ್ಷೆಯಲ್ಲೂ ಈ ಥರದ್ದು ಸಿಕ್ಕಿಬೀಳುವುದಿಲ್ಲ. ಡಾಕ್ಟರು ಹೇಳಿದ ಹಾಗೆ ಎರಡರಿಂದ ನಾಲ್ಕು ವಾರ ಹಾಲಿನದ್ದೆಲ್ಲ ಪೂರ್ತಿ ನಿಲ್ಲಿಸಿ, ಸುಧಾರಿಸಿದರೆ ಮತ್ತೆ ಕೊಟ್ಟು ನೋಡಿಯೇ ತಿಳಿಯಬೇಕು. ಇನ್ನು ಕೆಲವು ಮಕ್ಕಳು ಕುಡಿದು ಒಂದರಿಂದ ನಾಲ್ಕು ಗಂಟೆಯೊಳಗೆ ಮತ್ತೆ ಮತ್ತೆ ವಾಂತಿ ಮಾಡಿ ಬಿಳಿಚಿಕೊಂಡು ಬಿದ್ದುಬಿಡುತ್ತವೆ, ಮೈಮೇಲೆ ಒಂದು ದದ್ದೂ ಇರುವುದಿಲ್ಲ. ಅದನ್ನು ಫುಡ್ ಪಾಯ್ಸನ್ ಅಂದುಕೊಂಡು ಸುಮ್ಮನಾಗಬಾರದು, ಆಸ್ಪತ್ರೆಗೇ ಹೋಗಬೇಕು.

ಮಗಳಿಗೆ ಚರ್ಮದ ಪರೀಕ್ಷೆ ಮಾಡಿದರು. ಒಳಮುಂಗೈಯ ಮೇಲೆ ಸಾಲಾಗಿ ಹನಿ ಇಟ್ಟು, ಪ್ರತಿ ಹನಿಯ ಮೇಲೂ ಮೊನೆಯಿಂದ ಮೆಲ್ಲಗೆ ಚುಚ್ಚಿ, ಕಾಲು ಗಂಟೆ ಕಾಯುವುದು. ಹಾಲಿನ ಹನಿಯ ಕೆಳಗೆ ಬಟಾಣಿಯಷ್ಟು ಉಬ್ಬು ಬಂತು. ಪರೀಕ್ಷೆ ಸರಿಯಿದೆಯಾ ಅಂತ ತೋರಿಸುವ ಹನಿಯೊಂದು ಬಿಟ್ಟರೆ ಪಕ್ಕದವೆಲ್ಲ ಹಾಗೇ ಇದ್ದವು. ಗೊತ್ತಿದ್ದದ್ದೇ, ಆದರೂ ಆ ಉಬ್ಬು ನೋಡಿ ಒಂದು ಥರದ ನೆಮ್ಮದಿ ಆಯಿತು. ಇನ್ನು ಯಾರ ಹತ್ತಿರವೂ ವಾದ ಮಾಡಬೇಕಿಲ್ಲ ಅನ್ನಿಸಿತು.

ವಾದ ಮುಗಿಯಲಿಲ್ಲ, ಬಿಡಿ. ದೊಡ್ಡಮ್ಮ ಅಂದರು: "ಅದು ಜರ್ಸಿ ದನದ ಹಾಲಾದ ಕಾರಣ ಹಾಗೆ. ನಮ್ಮ ಮಲೆನಾಡು ಗಿಡ್ಡದ ಹಾಲು ಕೊಡು, ಎಂತ ಆಗುದಿಲ್ಲ." ಎ2 ಹಾಲು ಅಂತ ಈಗ ಬಾಟಲಿಯಲ್ಲಿ ಮಾರುವುದೂ ಇದೇ ಲೆಕ್ಕದಲ್ಲಿ. ನಾನು ಡಾಕ್ಟರನ್ನೇ ಕೇಳಿದೆ. ಎ1, ಎ2 ಅನ್ನುವುದು ಬೀಟಾ ಕೇಸೀನ್ ಅನ್ನುವ ಒಂದು ಪ್ರೊಟೀನಿನ ಉದ್ದನೆಯ ಸರದಲ್ಲಿ ಒಂದೇ ಒಂದು ಮಣಿಯ ವ್ಯತ್ಯಾಸ. ಉಳಿದ ಮಣಿಗಳೆಲ್ಲ ಅವೇ. ಅಲರ್ಜಿ ಇರುವ ಮಗುವಿನ ಮೈಗೆ ಎರಡೂ ಒಂದೇ. ಆಡಿನ ಹಾಲು, ಎಮ್ಮೆಯ ಹಾಲಿನ ಪ್ರೊಟೀನುಗಳೂ ದನದ ಹಾಲಿನದನ್ನೇ ಹೋಲುವ ಕಾರಣ ಹೆಚ್ಚಿನ ಮಕ್ಕಳಿಗೆ ಅವೂ ಆಗುವುದಿಲ್ಲ. ಗಿಡ್ಡ ತಳಿಯ ಬಗ್ಗೆ ನನಗೂ ತುಂಬ ಪ್ರೀತಿಯಿದೆ, ಅಜ್ಜನ ಹಟ್ಟಿಯಲ್ಲಿ ಇದ್ದದ್ದೇ ಅವು. ಆದರೆ ಈ ವಿಷಯದಲ್ಲಿ ಪ್ರೀತಿ ಕೆಲಸಕ್ಕೆ ಬರುವುದಿಲ್ಲ.

ಎದೆಹಾಲು ಬಿಡಬೇಕಾ ಅಂತ ಹೆದರಿದ್ದೆ. ತಾಯಿ ಕುಡಿದ ಹಾಲಿನ ಪ್ರೊಟೀನು ಎದೆಹಾಲಿನಲ್ಲೂ ಒಂದಿಷ್ಟು ಇಳಿಯುತ್ತದೆ. ಆದರೆ ನಾನು ದಿನಕ್ಕೆ ಎರಡು ಲೋಟ ಕಾಫಿ ಕುಡಿದುಕೊಂಡೇ ಅವಳಿಗೆ ಹದಿಮೂರು ತಿಂಗಳು ಹಾಲೂಡಿಸಿದ್ದೆ, ಅವಳಿಗೆ ಏನೂ ಆಗಿರಲಿಲ್ಲ. "ಹಾಗಾದರೆ ನೀವು ಏನೂ ಬಿಡಬೇಡಿ, ಎದೆಹಾಲು ಮುಂದುವರಿಸಿ" ಅಂದರು. ಎದೆಹಾಲಿನಿಂದಲೇ ತೊಂದರೆ ಕಾಣುವ ಮಕ್ಕಳ ತಾಯಂದಿರು ಮಾತ್ರ, ಅದೂ ಡಾಕ್ಟರು ಹೇಳಿದರೆ, ಹಾಲಿನ ಪದಾರ್ಥ ಬಿಡಬೇಕು. ಸುಮ್ನೆ ಹೆದರಿ ತಾಯಿ ಊಟ ಬಿಡುವುದು ಬೇಡ.

ಮನೆಗೆ ಬಂದ ಮೇಲೆ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ. ಬರಿಯ ದದ್ದು, ತುರಿಕೆ ಆದರೆ ಡಾಕ್ಟರು ಬರೆದುಕೊಟ್ಟ ಸಿರಪ್ ಇಷ್ಟು ಮಿಲಿಲೀಟರ್, ಮಗುವನ್ನು ಬಿಟ್ಟು ಕದಲಬಾರದು. ಕೆಮ್ಮು, ಸ್ವರ ಒಡೆಯುವುದು, ಉಸಿರಾಟದ ಕಷ್ಟ, ನಾಲಿಗೆ ಊದುವುದು, ಮೈ ಬಿಳಿಚಿ ಮೆತ್ತಗಾಗುವುದು, ಇವುಗಳಲ್ಲಿ ಒಂದಾದರೂ ಕಂಡರೆ ಸಿರಪ್ಪಿಗೆ ಕಾಯದೆ ಹತ್ತಿರದ ಎಮರ್ಜೆನ್ಸಿಗೆ, ಇಲ್ಲವೇ 108ಕ್ಕೆ ಫೋನ್. ಮಗುವನ್ನು ಮಲಗಿಸಿಯೇ ಇಡಬೇಕು, ಎತ್ತಿ ನಿಲ್ಲಿಸಬಾರದು. ಉಸಿರಿಗೆ ಕಷ್ಟವಾದರೆ ಒರಗಿಸಿ ಕೂರಿಸಬಹುದು. ಅಲರ್ಜಿಯ ಸಿರಪ್ ತುರಿಕೆ ಇಳಿಸುತ್ತದೆ, ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ. ಆ ಕೆಲಸ ಅಡ್ರಿನಾಲಿನ್‌ದು. ಚೀಟಿಯನ್ನು ಅತ್ತೆಗೆ, ಅಮ್ಮನಿಗೆ ಓದಿ ಹೇಳಿದೆ. ಕೆಲಸಕ್ಕೆ ಬರುವ ಅಕ್ಕನಿಗೂ ಹೇಳಿದೆ.

ಇನ್ನು ಅಡುಗೆಮನೆ. ಇಲ್ಲಿ ನಾವು ಕರಾವಳಿಯವರು ಪುಣ್ಯವಂತರು. ಊರ ದೇವರ ಕೈಯಲ್ಲಿ ಕಡೆಗೋಲು ಇದ್ದರೂ ನಮ್ಮ ಅಡುಗೆ ನಿಂತಿರುವುದು ತೆಂಗಿನ ಮೇಲೆ. ನೀರುದೋಸೆಗೆ ಹಾಲು ಬೇಡ. ಕೊಟ್ಟೆ ಕಡುಬಿಗೆ, ಪತ್ರೊಡೆಗೆ ಬೇಡ. ಕಾಯಿಹಾಲು ಹಾಕಿದ ಹೆಸರುಬೇಳೆ ಪಾಯಸಕ್ಕಂತೂ ದನದ ಹಾಲು ಹಾಕಿದರೆ ರುಚಿಯೇ ಕೆಡುತ್ತದೆ. ತುಪ್ಪದ ಬದಲು ತೆಂಗಿನೆಣ್ಣೆಯಲ್ಲಿ ಗೋಡಂಬಿ ಹುರಿದು ಹಾಕಿದೆ, ಮಗಳು ಬಟ್ಟಲು ನೆಕ್ಕಿದಳು.

ಆದರೆ ಮೋಸ ಹೋಗುವುದೂ ಇಲ್ಲೇ. ಗೋಳಿಬಜೆಯ ಹಿಟ್ಟಿನಲ್ಲಿ ಮೊಸರು. ಬನ್ಸ್‌ನಲ್ಲಿ ಬಾಳೆಹಣ್ಣಿನ ಜೊತೆ ಮೊಸರು. ಕಾಶಿ ಹಲ್ವದ ತುಂಬ ತುಪ್ಪ. ಹೋಟೆಲಿನ ದೋಸೆಯ ಹಿಟ್ಟು ಸರಿ, ಆದರೆ ಕಾವಲಿಗೆ ಬೆಣ್ಣೆ ಬಿದ್ದಿರುತ್ತದೆ. ಬಿಸ್ಕತ್ತು, ಬ್ರೆಡ್ಡು, ಮಕ್ಕಳ ಸಿರಿಯಲ್ ಡಬ್ಬಿ ಎಲ್ಲದರ ಹಿಂದಿನ ಸಣ್ಣ ಅಕ್ಷರ ಓದಬೇಕು. ಹಾಲಿನ ಪುಡಿ, ಮಿಲ್ಕ್ ಸಾಲಿಡ್ಸ್, ವೇ, ಕೇಸೀನ್, ಬಟರ್ ಎಲ್ಲ ಹಾಲೇ. ಪೊಟ್ಟಣದ ತಿಂಡಿಯಲ್ಲಿ ಹಾಲು ಇದ್ದರೆ ಅದನ್ನು ಬೇರೆಯಾಗಿ ಎತ್ತಿ ಬರೆಯಬೇಕು ಅನ್ನುವ ನಿಯಮ ನಮ್ಮ ದೇಶದಲ್ಲಿದೆ. ಬೇಕರಿಯ ಗಾಜಿನ ಕಪಾಟಿನಲ್ಲಿರುವುದಕ್ಕೆ ಚೀಟಿ ಇರುವುದಿಲ್ಲ, ಅದಕ್ಕೆ ನಾವು ಅಲ್ಲಿಂದ ಏನೂ ತರುವುದಿಲ್ಲ.

ಕಾಯಿಹಾಲನ್ನು ದನದ ಹಾಲಿನ ಬದಲಿ ಅಂತ ಲೋಟಗಟ್ಟಲೆ ಕುಡಿಸುವುದು ಮಾತ್ರ ತಪ್ಪು. ಅದರಲ್ಲಿ ಕೊಬ್ಬಿದೆ, ಪ್ರೊಟೀನು ಕ್ಯಾಲ್ಸಿಯಂ ತೀರ ಕಡಿಮೆ. 1ರಿಂದ 3 ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಇದೆ. ಅಮ್ಮ ರಾಗಿ ನೆನೆಹಾಕಿ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಬೆಲ್ಲ ಹಾಕಿ ಕಾಯಿಸುವ ಮಣ್ಣಿ ನಮ್ಮ ಮನೆಯಲ್ಲಿ ದಿನಾ ಇರುತ್ತದೆ. ಜೊತೆಗೆ ಹರಿವೆ, ನುಗ್ಗೆಸೊಪ್ಪು, ಬೇಳೆ. ಹೀಗಿದ್ದರೂ ಸಾಲುವುದಿಲ್ಲ ಅಂತ ಡಾಕ್ಟರು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬರೆದುಕೊಟ್ಟಿದ್ದಾರೆ. ಮಳೆಗಾಲದಲ್ಲಿ ಇಲ್ಲಿ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲವಲ್ಲ. ಮೂರು ತಿಂಗಳಿಗೊಮ್ಮೆ ತೂಕ, ಎತ್ತರ ನೋಡುತ್ತಾರೆ. ಹಾಲು ಬಿಡಿಸಿದ ಮಗುವಿಗೆ ಇದು ಬೇಕೇ ಬೇಕು.

ದೇವಸ್ಥಾನದಲ್ಲಿ ಪಂಚಾಮೃತ ಕೊಡುವಾಗ ನನಗೆ ತುಂಬ ಕಷ್ಟವಾಗುತ್ತಿತ್ತು. ಹಾಲು, ಮೊಸರು, ತುಪ್ಪ ಮೂರೂ ಅದರಲ್ಲಿವೆ. ಮಗು ಕೈ ಚಾಚುತ್ತದೆ. ಭಟ್ಟರು ನಗುತ್ತಾ ಬಗ್ಗುತ್ತಾರೆ. "ಇವಳಿಗೆ ಹಾಲು ಆಗುವುದಿಲ್ಲ, ಗಂಧ ಹೂ ಕೊಡಿ" ಅಂದೆ ಒಂದು ದಿನ, ಧ್ವನಿ ತಗ್ಗಿಸಿ. ಅವರು ಕೂಡಲೇ ಸೌಟು ಹಿಂದಕ್ಕೆ ತಗೊಂಡು ಒಂದು ಬಾಳೆಹಣ್ಣು ಅವಳ ಕೈಗಿಟ್ಟರು. ಅಷ್ಟು ಸಲೀಸಾಗಿ ಆಗಿಹೋಯಿತು. ಹೆಚ್ಚಿನವರು ಹೇಳಿದರೆ ಕೇಳುತ್ತಾರೆ. ಹೇಳಲು ನಾವೇ ಹಿಂಜರಿಯುತ್ತೇವೆ.

ಹಾಲು ಆಗಿಬರುವ ಮಕ್ಕಳ ಮನೆಯಲ್ಲಿ ಬೇರೆ ಥರದ ಕಷ್ಟ ನೋಡಿದ್ದೇನೆ. ತಂಗಿ ಮಂಗಳೂರಿನಲ್ಲಿದ್ದಾಳೆ. ಅವಳ ಮಗನಿಗೆ ಹಾಲೆಂದರೆ ಪ್ರಾಣ. ಒಂದೂವರೆ ವರ್ಷದಲ್ಲಿ ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್, ಎಲ್ಲ ಬಾಟಲಿಯಲ್ಲಿ. "ಊಟ ಮಾಡದಿದ್ದರೂ ಹಾಲಾದರೂ ಕುಡಿತಾನಲ್ಲ" ಅಂತ ಎಲ್ಲರಿಗೂ ಖುಷಿ. ಹುಡುಗ ದುಂಡಗೆ ಇದ್ದ, ಆದರೆ ಬೆಳ್ಳಗೆ ಬಿಳಿಚಿದ್ದ. ಮಲ ಕಲ್ಲಿನ ಹಾಗೆ, ನಾಲ್ಕು ದಿನಕ್ಕೊಮ್ಮೆ. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8ರ ಹತ್ತಿರ. ಒಂದು ಲೀಟರ್ ಹಾಲಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ. ಆ ವಯಸ್ಸಿಗೆ ದಿನಕ್ಕೆ 8 ಮಿಲಿಗ್ರಾಂ ಬೇಕು. ಹೊಟ್ಟೆ ತುಂಬ ಹಾಲೇ ಇದ್ದರೆ ಸೊಪ್ಪು ಬೇಳೆಗೆ ಜಾಗ ಎಲ್ಲಿದೆ? ಮೇಲಿಂದ ಹಾಲಿನ ಕ್ಯಾಲ್ಸಿಯಂ ಇದ್ದಬದ್ದ ಕಬ್ಬಿಣವನ್ನೂ ಮೈಗೆ ಹಿಡಿಯಲು ಬಿಡುವುದಿಲ್ಲ. ಕಬ್ಬಿಣದ ಸಿರಪ್ ಕೊಟ್ಟರು, ಬಾಟಲಿ ತೆಗೆಸಿದರು, ದಿನಕ್ಕೆ ಎರಡು ಸಣ್ಣ ಲೋಟಕ್ಕೆ ಇಳಿಸಿದರು. ನಾಲ್ಕು ದಿನ ಮನೆ ಹಾರಿಹೋಗುವ ಹಾಗೆ ಅತ್ತನಂತೆ. ಐದನೇ ದಿನ ಅನ್ನ ಸಾರು ಕೇಳಿದ.

ಗೆಳತಿಗೆ ಹೇಳಿದ್ದು ಇಷ್ಟು. ದಿನಕ್ಕೆ 400, 500 ಮಿಲಿಲೀಟರ್ ಸಾಕು, ಮೊಸರೂ ಅದರಲ್ಲೇ ಲೆಕ್ಕ. ಊಟ ಆದ ಮೇಲೆ ಲೋಟದಲ್ಲಿ ಕೊಡು. ರಾತ್ರಿ ಬಾಟಲಿ ಬಾಯಲ್ಲಿಟ್ಟು ಮಲಗಿಸಿದರೆ ಹಲ್ಲು ಹಾಳು. ಎರಡು ವರ್ಷದ ತನಕ ಕೆನೆ ತೆಗೆದ ಹಾಲು ಬೇಡ, ಮಿದುಳು ಬೆಳೆಯುವ ವಯಸ್ಸಿಗೆ ಕೊಬ್ಬು ಬೇಕು. ಪ್ಯಾಕೆಟ್ ಮೇಲೆ ನೋಡು, ಟೋನ್ಡ್ ಅಂದರೆ 3 ಪರ್ಸೆಂಟ್ ಕೊಬ್ಬು, ಡಬಲ್ ಟೋನ್ಡ್ ಅಂದರೆ ಒಂದೂವರೆ. ಡಬಲ್ ಟೋನ್ಡ್ ತರಬೇಡ. ಹಟ್ಟಿಯ ಹಾಲಾದರೆ ಉಕ್ಕಿ ಬರುವ ತನಕ ಕುದಿಸದೆ ಕೊಡಬೇಡ, ಹಸಿ ಹಾಲಿನಿಂದ ಕ್ಷಯ, ಬ್ರುಸೆಲ್ಲೋಸಿಸ್ ಅನ್ನುವ ಜ್ವರದಂಥ ಕಾಯಿಲೆ ಬರುತ್ತವೆ. ವರ್ಷ ತುಂಬಿದ ಮಕ್ಕಳಿಗೆ ಅಂತ ಡಬ್ಬಿಯಲ್ಲಿ ಮಾರುವ ದುಬಾರಿ ಹಾಲಿನ ಪುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2023ರ ಸಲಹೆಯಲ್ಲಿ ಬೇಡ ಅಂದಿದೆ.

ಮೊದಲ ದಿನದ ಬಗ್ಗೆ ಮಾತ್ರ ಎರಡೆರಡು ಸಲ ಹೇಳಿದೆ. ಬೆಳಿಗ್ಗೆಯೇ ಕೊಡು, ರಾತ್ರಿ ಬೇಡ. ಜ್ವರ, ಭೇದಿ ಇರುವ ದಿನ ಬೇಡ. ಅದೇ ದಿನ ಇನ್ನೊಂದು ಹೊಸ ತಿಂಡಿ ಬೇಡ. ಒಂದೆರಡು ಚಮಚ ಕೊಟ್ಟು ಎರಡು ಗಂಟೆ ಮನೆಯಲ್ಲೇ ಇರು. ಏನೂ ಆಗದಿದ್ದರೆ ದಿನ ದಿನಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡು. ಏನು ಕೊಟ್ಟೆ, ಎಷ್ಟು ಹೊತ್ತಿಗೆ, ಏನಾಯಿತು ಅಂತ ಗೋಡೆಯ ಕ್ಯಾಲೆಂಡರಿನಲ್ಲೇ ಬರಿ. ಈಗಾಗಲೇ ಮೊಸರು, ತುಪ್ಪ ತಿಂದು ಆರಾಮಾಗಿರುವ ಮಗುವಾದರೆ ಹೆದರುವ ಕಾರಣವೇ ಕಡಿಮೆ. ಆದರೆ ಒಮ್ಮೆ ದದ್ದು, ಊತ, ಕೆಮ್ಮು ಕಂಡಿತೋ, ಇನ್ನೊಂದು ಸಲ ಮನೆಯಲ್ಲಿ ಪರೀಕ್ಷೆ ಮಾಡಬೇಡ. ಯಾರು ಹೇಳಿದರೂ ಮಾಡಬೇಡ. ಇದನ್ನು ಹೇಳುವಾಗ ನನ್ನ ಸ್ವರ ಏರಿತ್ತಂತೆ, ಗಂಡ ಆಮೇಲೆ ಹೇಳಿದರು.

ಹಾಲಿನ ಅಲರ್ಜಿ ಇರುವ ಹೆಚ್ಚಿನ ಮಕ್ಕಳಿಗೆ ಬೆಳೆಯುತ್ತಾ ಅದು ಬಿಟ್ಟುಹೋಗುತ್ತದೆ. ಕೆಲವರಿಗೆ ಮೂರು ವರ್ಷಕ್ಕೆ, ಕೆಲವರಿಗೆ ಶಾಲೆಗೆ ಹೋಗತೊಡಗಿದ ಎಷ್ಟೋ ವರ್ಷದ ಮೇಲೆ. ಮಗಳಿಗೆ ಎರಡೂವರೆ ವರ್ಷವಾದಾಗ ಆಸ್ಪತ್ರೆಯಲ್ಲೇ ಒಂದು ಪರೀಕ್ಷೆ ಮಾಡಿದರು. ಗೋಧಿ ಹಿಟ್ಟಿನಲ್ಲಿ ಅಳತೆಯ ಹಾಲು ಕಲಸಿ 180 ಡಿಗ್ರಿಯಲ್ಲಿ ಅರ್ಧ ಗಂಟೆ ಓವನ್ನಿನಲ್ಲಿ ಬೇಯಿಸಿದ ಪುಟ್ಟ ಕೇಕು. ಹಿಟ್ಟಿನ ಜೊತೆ ಅಷ್ಟು ಹೊತ್ತು ಬೆಂದಾಗ ಹಾಲಿನ ಪ್ರೊಟೀನಿನ ರೂಪ ಬದಲಾಗುತ್ತದೆ, ಹಲವು ಮಕ್ಕಳು ಅದನ್ನು ತಡೆದುಕೊಳ್ಳುತ್ತಾರೆ. ಎಣ್ಣೆಯಲ್ಲಿ ಎರಡು ನಿಮಿಷ ಕರಿಯುವ ಬನ್ಸ್ ಇದಕ್ಕೆ ಸಮ ಅಲ್ಲ.

ಕೈಯಲ್ಲಿ ಸೂಜಿ ಸಿಕ್ಕಿಸಿ, ಔಷಧಿ ಎಲ್ಲ ತಯಾರಿಟ್ಟು, ಮೊದಲು ಒಂದು ಹುಡಿಯಷ್ಟು ಕೊಟ್ಟರು. ಇಪ್ಪತ್ತು ನಿಮಿಷ ಕಾದೆವು. ಆಮೇಲೆ ಉಗುರಿನಷ್ಟು. ಮತ್ತೆ ಕಾಯುವುದು. ಆಮೇಲೆ ಇನ್ನಷ್ಟು. ನಾನು ಅವಳ ಗಲ್ಲವನ್ನೇ ನೋಡುತ್ತಿದ್ದೆ, ಹಾಲಿನ ಹನಿ ಇಳಿದಿದ್ದ ಆ ಜಾಗವನ್ನು. ಪೂರ್ತಿ ಕೇಕು ತಿಂದಳು. ಎರಡು ಗಂಟೆ ಕಳೆಯಿತು. ಏನೂ ಆಗಲಿಲ್ಲ. ಈಗ ಡಾಕ್ಟರು ಹೇಳಿದ ಅಳತೆಯಲ್ಲಿ ಮನೆಯಲ್ಲೇ ಮಾಡಿ ಕೊಡುತ್ತಿದ್ದೇನೆ. ಮುಂದಿನ ಮೆಟ್ಟಿಲು ಯಾವಾಗ ಅಂತ ಅವರೇ ಹೇಳುತ್ತಾರೆ. ಕುಡಿಯುವ ಹಾಲು, ಮೊಸರು ಇನ್ನೂ ದೂರ.

ಕಳೆದ ವಾರ ಅಮ್ಮ ಬಂದಿದ್ದರು. ಬೆಳ್ಳಿ ಲೋಟಕ್ಕೆ ಬೊಂಡದ ನೀರು ಹಾಕಿ ಮೊಮ್ಮಗಳಿಗೆ ಕೊಟ್ಟರು. ಅಷ್ಟರಲ್ಲಿ ಪಕ್ಕದ ಮನೆಯವರು ಮಗುವಿಗೆಂದು ಒಂದು ಬಿಸ್ಕತ್ತು ಪೊಟ್ಟಣ ತಂದುಕೊಟ್ಟರು. ಮಗಳು ಅದನ್ನು ಹಿಡಿದುಕೊಂಡು ಅಜ್ಜಿಯ ಹತ್ತಿರ ಓಡಿದಳು. ಅಮ್ಮ ಕನ್ನಡಕ ಹಾಕಿಕೊಂಡರು. ಪೊಟ್ಟಣ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಸಣ್ಣ ಅಕ್ಷರದ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಇದರಲ್ಲಿ ಹಾಲಿನ ಪುಡಿ ಉಂಟು ಮಾರಾಯ್ತಿ. ಇದು ನಿನಗೆ, ಚಾಕ್ಕೆ."